ಕಾರ್ಯದರ್ಶಿಗೆ ಬರೆದ ಇಮೇಲ್

ಬಲ್ಲರಾಟ್ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಗೆಳತಿಯರು, ನೋಲೀನ್ ಮತ್ತು ಲೊರೇನ್, ಕೂತಿದ್ದರು. ನೋಲೀನ್ ತಮ್ಮ ಫೋನನ್ನು ಗೆಳತಿಯ ಮುಂದೆ ಹಿಡಿದರು.

“ನೋಡೇ, ಗ್ಲೆನಿಸ್ ನಮ್ಮ ಕೃಷಿ ಮೇಳದ ಕಾರ್ಯದರ್ಶಿಗೆ ಬರೆದಿರೋ ಇಮೇಲ್. ಮೇಲೆ ನನ್ನ ಹೆಸರೇ ಇಲ್ಲ. ಮತ್ತೆ ನನಗ್ಯಾಕೆ ಬಂತು?”

“ಮೇಲೆ ಕಾಣೋ ಹೆಸರನ್ನೇ ನಂಬಬಾರದು ಕಣೇ. ಕಾಣದ ಹಾಗೆ ಬೇರೆಯವರಿಗೂ ಪ್ರತಿ ಕಳಿಸಬಹುದು. ಮೇಳದ ಕೇಕ್ ಸ್ಪರ್ಧೆ ತೀರ್ಪುಗಾರರ ಗುಂಪಿಗೆಲ್ಲ ಕಳಿಸಿದಾಳೆ. ಅದರಲ್ಲಿ ನೀನೂ ಇದೀಯ ಅನ್ನೋದೇ ಮರೆತಿದಾಳೆ, ಪೆದ್ದಿ.”

“ನನ್ನನ್ನ ತೀರ್ಪುಗಾರ್ತಿ ಕೆಲಸದಿಂದ ತೆಗೀಬೇಕಂತೆ. ಮೂವತ್ತು ವರ್ಷದಿಂದ ಸ್ಪಂಜ್ ಕೇಕ್ ರುಚಿ ನೋಡ್ತಿದೀನಿ.”

“ಅವಳಿಗೆ ನಿನ್ನ ಜಾಗದ ಮೇಲೆ ಕಣ್ಣು. ಅವಳು ಮಾಡೋ ಕೇಕಲ್ಲಿ ಗೋಡೆ ಕಟ್ಟಬಹುದು, ಅಷ್ಟೇ.”

“ಜ್ವರ ಬಂದುಹೋದ ಮೇಲೆ ನನಗೆ ರುಚಿ, ವಾಸನೆ ಏನೂ ತಿಳಿಯಲ್ಲ ಅಂತ ಬರೆದಿದಾಳೆ.”

“ಯಾರೋ ಹೇಳಿರ್ತಾರೆ, ಬಿಡು.”

“ನಿನ್ನ ಅಡುಗೆಮನೇಲಿ ಅಳ್ತಾ ಕೂತು ನಿನಗೊಬ್ಬಳಿಗೇ ಹೇಳಿದ್ದೆ, ಲೊರೇನ್. ನನ್ನ ಮಗಳಿಗೂ ಗೊತ್ತಿಲ್ಲ.”

ಲೊರೇನ್ ಕನ್ನಡಕ ತೆಗೆದು ಒರೆಸಿದರು.

“ನಿನ್ನ ಮೇಲಿನ ಕಾಳಜಿಗೇ ಹೇಳಿದೆ ಮಾರಾಯ್ತಿ. ಅವಳು ಹೀಗೆ ಬರೀತಾಳೆ ಅಂತ ನನಗೇನು ಗೊತ್ತು?”

“ನೀನೂ ತೀರ್ಪುಗಾರ್ತಿ ತಾನೇ? ನಿನಗೂ ಇದು ಬಂದಿರಬೇಕಲ್ಲ.”

“ಬಂದಿತ್ತು.”

“ಓದಿದೆಯಾ?”

“ನಿನ್ನೆ ರಾತ್ರೀನೇ ಓದಿದೆ.”

“ಬೆಳಿಗ್ಗೆ ನಿನ್ನ ಕಾರಲ್ಲೇ ಬಂದೆ. ದಾರಿಯುದ್ದಕ್ಕೂ ನೀನು ಬರೀ ಗುಲಾಬಿ ಗಿಡದ ಮಾತಾಡಿದೆ.”

ನರ್ಸ್ ನೋಲೀನ್ ಹೆಸರು ಕೂಗಿದರು. ಕೈಚೀಲ ಇಸಿದುಕೊಳ್ಳಲು ಲೊರೇನ್ ಕೈ ಚಾಚಿದರು. ನೋಲೀನ್ ಅದನ್ನು ಎದೆಗೆ ಅವಚಿಕೊಂಡೇ ಒಳಗೆ ಹೋದರು.