ರಸ್ತೆಗೂ ಸೇತುವೆಗೂ ನಡುವಿನ ನೆಲ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಯಾವುದೋ ಸೀಮೆ, ಯಾವುದೋ ಕಾಲ. ಮೂಡಲಿಗೊಬ್ಬ ದೊಡ್ಡ ರಾಜ, ಪಡುವಲಿಗೊಬ್ಬ ದೊಡ್ಡ ರಾಜ. ನಡುವೆ, ಹೊಳೆದಂಡೆಗೆ ಒಂದು ಪುಟ್ಟ ಊರು. ಆ ಊರಿನ ಗೌಡತಿ ಮಾಳವ್ವ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಎರಡೂ ಸೀಮೆ ತಿರುಗಿದವಳು.

ಮೂಡಲ ರಾಜ ಊರತನಕ ಕಲ್ಲು ಹಾಸಿ ರಸ್ತೆ ತಂದ. ಇದು ನಿಮ್ಮದೇ ಅಂದ. ಪಡುವಲ ರಾಜನಿಗೆ ಹೊಟ್ಟೆ ಉರಿಯಿತು. ಅವನು ಹೊಳೆಗೆ ಸೇತುವೆ ಕಟ್ಟಿದ. ಇದೂ ನಿಮ್ಮದೇ ಅಂದ. ಕಲ್ಲು ಹೊತ್ತವರು ಯಾರು? ಊರವರು. ಹೊಲ ಬಿಟ್ಟುಕೊಟ್ಟವರು ಯಾರು? ಊರವರು. ಹೆಸರು ಕೆತ್ತಿಸಿಕೊಂಡವರು ಯಾರು? ನೀವೇ ಹೇಳಿ.

ರೇಷ್ಮೆ ಹೋಯಿತು, ಮೆಣಸು ಬಂತು. ರಾಜರು ಅಣ್ಣತಮ್ಮ ಅಂತ ಕರೆದುಕೊಂಡರು. ಆಮೇಲೆ ನನ್ನಿಂದ ಅವನು ಕೊಬ್ಬಿದ ಅಂತ ಇಬ್ಬರಿಗೂ ಅನುಮಾನ. ಅವನು ರಸ್ತೆಗೆ ಬಾಗಿಲು ಹಾಕಿದ, ಇವನು ಸೇತುವೆಗೆ ಹಾಕಿದ. ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವು. ಊರಿಗೆ ಉಪ್ಪಿಲ್ಲದಾಯಿತು. ಹೊಳೆಯಾಚೆಗೆ ಮದುವೆ ಮಾಡಿಕೊಟ್ಟಿದ್ದ ಮಾಳವ್ವನ ಮಗಳು ಕೆಂಚವ್ವನಿಗೆ ಹೆರಿಗೆನೋವು. ಮಾಳವ್ವ ಓಡಿದಳು, ಕಾವಲಿನವರು ಬಿಡಲಿಲ್ಲ. ಕೂಸು ಹುಟ್ಟಿತು, ಉಳಿಯಲಿಲ್ಲ ಅಂತ ಆಚೆ ದಂಡೆಯಿಂದ ಕೂಗಿ ಹೇಳಿದರು.

ಮೂಡಲ ರಾಜನ ಹತ್ತಿರ ಹೋದಳು. ಅವನು ಮೊದಲು ತೆಗೆಯಲಿ ಅಂದ. ಪಡುವಲ ರಾಜನಿಗೆ ಸೇತುವೆ ಕಾವಲಿನವರ ಕೈಲಿ ಹೇಳಿಕಳಿಸಿದಳು. ಅವನೂ ಅದನ್ನೇ ಅಂದ. ಕೊನೆಗೆ ವ್ಯಾಪಾರವಿಲ್ಲದೆ ಸೊರಗಿ ರಾಜರೇ ರಾಜಿಯಾದರು. ಬಾಗಿಲು ತೆರೆಯಿತು, ಅವರ ಗಾಡಿಗಳಿಗೆ ಮಾತ್ರ. ನಮ್ಮ ಎತ್ತು ಹೋಗಬಹುದೇ ಅಂತ ಮಾಳವ್ವ ಕೇಳಿದರೆ, ಸಗಣಿ ಹಾಕುತ್ತವೆ, ರಸ್ತೆ ಕೆಡುತ್ತದೆ ಅಂದರು.

ಕೇಳಿ, ರಸ್ತೆ ಮುಗಿಯುವಲ್ಲಿ ಸೇತುವೆ ಶುರುವಾಗುತ್ತಿರಲಿಲ್ಲ. ಅವನಿಗೆ ನಾನೇಕೆ ಬಗ್ಗಲಿ ಅಂತ ಇಬ್ಬರೂ ಒಂದು ಹೊಲದಷ್ಟು ಹಿಂದೆಯೇ ನಿಲ್ಲಿಸಿದ್ದರು. ಆ ನೆಲ ಊರಿನದು. ಮಾಳವ್ವ ಅಲ್ಲಿ ನೇಗಿಲು ಹೂಡಿದಳು. ಊರೆಲ್ಲ ಬಂದು ನೀರು ಕಟ್ಟಿತು. ಗಾಡಿಗಳು ಅಚ್ಚಿನತನಕ ಹೂತುಹೋದವು.

ಮೂಡಲ ಸಿಪಾಯಿಗಳು ಅವಳನ್ನು ಎಳೆಯಲು ಬಂದರು. ನೀವು ಕಾಲಿಟ್ಟರೆ ನಾವೂ ಇಡುತ್ತೇವೆ ಅಂತ ಪಡುವಲವರು ಕತ್ತಿ ಹಿರಿದರು. ಇವರೂ ಇಳಿಯಲಿಲ್ಲ, ಅವರೂ ಇಳಿಯಲಿಲ್ಲ. ಕೊನೆಗೆ ರಾಜರೇ ಬಂದು ಬದುವಿನ ಮೇಲೆ ನಿಂತರು.

"ನಿನಗೇನು ಬೇಕವ್ವ?" ಮೂಡಲ ರಾಜ ಕೇಳಿದ.

ಮಾಳವ್ವ ನೇಗಿಲು ನಿಲ್ಲಿಸಲಿಲ್ಲ. "ಇದನ್ನು ಕಲ್ಲು ಹಾಸುವ ಮೊದಲು ಕೇಳಬೇಕಿತ್ತು, ದೊರೆ. ಎರಡೂ ಬಾಗಿಲು ಕೀಳಿಸಿ. ನಮ್ಮ ಎತ್ತು ಮುಂದೆ ಹೋಗಲಿ, ನಿಮ್ಮ ಗಾಡಿ ಹಿಂದೆ ಬರಲಿ."

ಬೇರೆ ದಾರಿಯಿತ್ತೇ? ಕೀಳಿಸಿದರು. ಮಾಳವ್ವ ಕೆಸರುಗಾಲಲ್ಲೇ ಸೇತುವೆ ದಾಟಿ, ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಹೇಳಿದ ನನ್ನ ಬಾಯಿ ಒಣಗಿತು, ನೀರು ಕೊಡಿ. ಕೇಳಿದ ನಿಮ್ಮ ನೆಲಕ್ಕೆ, ನಿಮ್ಮನ್ನು ಕೇಳದೆ ಯಾರೂ ಕಾಲಿಡದಿರಲಿ.