ಪರದೆಯ ಹಿಂದಿನ ಎಡಗೈ

ಪ್ರತಿ ಸುಗ್ಗಿಗೂ ಮಾಕಳಿದುರ್ಗದ ತಪ್ಪಲಿಗೆ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ ಕೂರುವುದು ಅಲ್ಲಿನ ಪದ್ಧತಿ. ಈ ಸಲವೂ ಹೋದ ವರ್ಷದ ದೇವಿಯ ಚಿತ್ರವೇ ಬಂದಿತ್ತು. ಕಾರ್ತಿಕದಲ್ಲಿ ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಬಂದಿದ್ದ ವೆಂಕಟರಾಯಪ್ಪನವರ ಕಿವಿಗೆ, ಟಿಕೆಟ್ಟಿಗೆಂದು ಪಕ್ಕದ ಸಾಲಿನಲ್ಲಿ ನಿಂತಿದ್ದ ಲಕ್ಕಮ್ಮ ಮತ್ತು ಅನುಸೂಯಮ್ಮನ ಮಾತು ಬಿತ್ತು.

“ಹೋದ ವರ್ಷ ಪರದೆ ಮೇಲೆ ತಾಯಿ ನಂಗೆ ಎಡಗೈಲಿ ಹರಸಿದ್ಲು ಕಣೇ ಅನುಸೂಯಾ. ಅದಕ್ಕೇ ಮಗಳಿಗೆ ಗಂಡು ಕೂಡಿ ಬರ್ಲಿಲ್ಲ.”

“ನಮ್ಮನೆಯೋರು ಮುಂದ್ಗಡೆ ಕೂತು ನೋಡಿದ್ರು ಲಕ್ಕಮ್ಮಕ್ಕಾ. ಬಲಗೈಯಂತೆ.”

“ಅವರಿಗೆ ಬಲಗೈ, ನಮಗೆ ಎಡಗೈ. ಪರದೆ ಹಿಂದೆ ಎಲ್ಲಾ ತಿರುಗಾಮುರುಗಾ. ಅದಕ್ಕೇ ಈ ಸಲ ಕನ್ನಡಿ ತಂದಿದೀನಿ. ಅದರಲ್ಲಿ ನೋಡಿದ್ರೆ ಬಲಗೈ ಆಗುತ್ತೆ.”

“ಕನ್ನಡೀಲಿ ನೋಡ್ಬೇಕಾದ್ರೆ ತಾಯಿಗೆ ಬೆನ್ನು ಹಾಕಿ ಕೂರ್ಬೇಕಲ್ಲಕ್ಕಾ?”

ಲಕ್ಕಮ್ಮ ಕನ್ನಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಬೆನ್ನು ಹಾಕಿದ್ರೆ ಬೆನ್ನು ತಟ್ತಾಳೆ ಬಿಡು. ತಟ್ಟೋಕೆ ಯಾವ ಕೈಯಾದ್ರೇನು?”

ಗಂಟೆ ಹೊಡೆಯಿತು. ಇಬ್ಬರೂ ನಗುತ್ತಾ ಪರದೆಯ ಹಿಂದಕ್ಕೆ ಹೋದರು.

ಹೋದ ವರ್ಷ ಇದೇ ಚಿತ್ರವನ್ನು ಪರದೆಯ ಹಿಂದೆ ಕೂತು ನೋಡಿ, ಎಡಗೈ, ಎಡಗೈ ಎಂದು ಹೆಂಡತಿ ಮನೆಯ ಬಾಗಿಲವರೆಗೂ ವಾದಿಸಿದ್ದಳು. ವೆಂಕಟರಾಯಪ್ಪನವರು ಬಲಗೈ ಎಂದು ಪಟ್ಟು ಬಿಟ್ಟಿರಲಿಲ್ಲ.

“ನೀನೇ ಗೆದ್ದೆ ಕಣೇ,” ಎಂದು ಮೆಲ್ಲಗೆ ಹೇಳಿ, ಅವರು ಮುಂಭಾಗದ ಗಂಡಸರ ಬಾಗಿಲಿಗೆ ನಡೆದರು.