ಮಷಿನ್‌ಗೊಂದು ಪ್ರದಕ್ಷಿಣೆ

ಮತ್ತೆ ನಡುವೆ ಬಾಯಿ ಹಾಕಿದ್ರಲ್ಲಾ ಮಾಲಿನಿ ಅಕ್ಕ! ಹೇಳೋಕೆ ಬಿಡಿ ಅಂದೆ ತಾನೇ? ನಡುವೆ ಯಾರಾದ್ರೂ ಕೇಳಿದ್ರೆ ನನಗೆ ಎಲ್ಲಾ ಮರ್ತೋಯ್ತದೆ. ಸ್ಕೂಲಲ್ಲೂ ಇದೇ ಗೋಳು. ಒಂದು ಪ್ರಶ್ನೆಗೆ ಉತ್ತರ ಬಾಯಿಗೆ ಬರೋ ಹೊತ್ತಿಗೆ ಮೇಷ್ಟ್ರು ಇನ್ನೊಂದು ಎಸೆಯೋರು. ಹತ್ತಕ್ಕೇ ಕೈ ಮುಗಿದೆ... ನಗಬೇಡಿ!

ಬನ್ನಿ, ಇಲ್ಲಿ ಜೋಲಿ ಹತ್ರ ಕೂತ್ಕಳಿ. ಒಂಚೂರು ತೂಗ್ತಾ ಇರಿ, ಇಲ್ಲಾಂದ್ರೆ ನಿಧಿ ಎದ್ದು ಕೂತ್ಕತಾಳೆ. ನಾನು ಸೊಪ್ಪು ಬಿಡಿಸ್ಕತೀನಿ. ನಮ್ಮತ್ತೆ ಹದಿನೈದು ದಿನದಿಂದ ಹಿರೀಸಾವೇಲಿ ಮಗಳ ಬಾಣಂತನ ಮಾಡ್ತಾ ಕೂತವ್ರೆ. ಅಲ್ಲಿ ಮೊಮ್ಮಗ. ಇಲ್ಲಿರೋದು ಬರೀ ಮೊಮ್ಮಗಳಲ್ವಾ! ಹೂಂ, ಅಂಗೇ. ಮೆತ್ತಗೆ.

ಏನು ಕೇಳಿದ್ರಿ? ನಾಳೆ ಹಾಸನದಲ್ಲಿ ವಿಚಾರಣೇಲಿ ಸಾಹೇಬರ ಮುಂದೆ ನಾನು ಏನು ಹೇಳ್ತೀನಿ ಅಂತ. ಇನ್ನೇನು ಹೇಳಲಿ? ಸೋಮವಾರ ನಡೆದದ್ದು ಹೇಳ್ತೀನಿ. ರೈಲು ನಿಲ್ಲಿಸಿ, ನಮ್ಮ ಕೆಲಸಕ್ಕೆ ಅಂತ ಲೈನ್ ಬಿಟ್ಟುಕೊಟ್ರು. ಹಳಿ ಕೆಳಗಿನ ಜಲ್ಲಿ ಗಟ್ಟಿ ಮಾಡೋ ಅಷ್ಟು ದೊಡ್ಡ ಮಷಿನ್ನು, ಅದನ್ನ ಓಡಿಸೋರು ನಿಮ್ಮೆಜಮಾನ್ರು. ಮಷಿನ್ ತೆಗೀರಿ ಸಾ ಅಂದ್ರೆ, ಅವರು ಪ್ಲಾಟ್‌ಫಾರಂ ಅಂಚಲ್ಲಿ ಕೂತು ತಮ್ಮ ಕೈ ತಾವೇ ನೋಡ್ಕೋತಾವ್ರೆ! ಲೈನ್ ವಾಪಸ್ ಓಯ್ತು, ಆವತ್ತಿನ ಕೆಲಸ ಕೆಟ್ಟೋಯ್ತು. ಸಾಹೇಬರು ಎಗರಾಡದೆ ಆರತಿ ಎತ್ತುತ್ತಾರಾ?

ಕಾರಣ ಗೊತ್ತಲ್ಲ, ಮಷಿನ್ ಕೆಳಗೆ ನಾಯಿ ಮಲಗಿತ್ತು. ಅವರೇ ಹೇಳವ್ರೆ. ಬಾಯಿ ತಪ್ಪಿಯೂ ಸುಳ್ಳು ಹೇಳದೋರು ಜಯಕುಮಾರ್ ಸಾ, ಅವರೇ ನಾಯಿ ಅಂದ ಮೇಲೆ ನಾಯೀನೇ. ನಾನೂ ಅದನ್ನೇ ಹೇಳ್ತೀನಿ ಬಿಡಿ. ಕರೀ ನಾಯಿ. ಬೆಳಗೊಳದ ಸ್ಟೇಷನ್ನಲ್ಲಿ ನಾಯಿಗೇನು ಬರವಾ? ಬೆಟ್ಟ ಹತ್ತೋಕೆ ಬಂದೋರು ಬಿಸ್ಕತ್ತು ಹಾಕಿ ಹಾಕಿ ಒಂದೊಂದೂ ಕರುವಿನಂಗೆ ಆಗವೆ.

ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮೆಜಮಾನ್ರದ್ದು ಅತಿ! ಅವರು ಮಷಿನ್ ತೆಗೆಯೋದು ನೋಡಿದ್ದೀರಾ ಯಾವತ್ತಾದ್ರೂ? ಬಾವುಟ ಹಿಡಿಯೋ ನಾವು ಆ ಕಡೆ ಈ ಕಡೆ ದೂರದಲ್ಲಿ ನಿಂತಿರ್ತೀವಿ. ಅವರು ಹಾರ್ನ್ ಹೊಡೀಬೇಕು, ನಾವು ಎಲ್ಲಾ ನೋಡಿ ಹಸಿರು ಎತ್ತಬೇಕು, ಆಮೇಲೆ ಚಕ್ರ ಉರುಳಬೇಕು. ಬೇರೆಯೋರು ಅಷ್ಟಕ್ಕೇ ಹೊರಟೋಯ್ತಾರೆ. ಇವರು? ಹಸಿರು ಎತ್ತಿದ ಮೇಲೂ ಕೆಳಗಿಳಿದು ಬತ್ತಾರೆ! ಬಸದಿಗೆ ಸುತ್ತು ಬಂದಂಗೆ ಮಷಿನ್ ಸುತ್ತ ಒಂದು ಪ್ರದಕ್ಷಿಣೆ. ಬಗ್ಗೋದು, ಟಾರ್ಚ್ ಬಿಡೋದು, ಚಕ್ರದ ಸಂದಿಗೆ ಇಣುಕೋದು, ಕೊಂಡಿ ಹಾಕಿದ್ದಾರಾ ಅಂತ ಅಲ್ಲಾಡಿಸಿ ನೋಡೋದು... ನಾವೆಲ್ಲಾ ಆಡ್ಕೊಂಡು ನಗ್ತೀವಿ. ಒಂದು ದಿನ ನಾನೇ ಕೂಗಿ ಕೇಳಿದೆ, "ಸಾ, ಇರುವೆ ಸಿಕ್ತಾ?" ಅಂತ. ಅದಕ್ಕೆ ಏನಂದ್ರು ಗೊತ್ತಾ? "ಇರುವೆ ಓಡೋಯ್ತದೆ ಶಾಂತಿ. ಓಡೋಕೆ ಬರದೇ ಇರೋದು ಏನಾದ್ರೂ ಇದ್ದೀತು ಅಂತ ನೋಡ್ತೀನಿ."

ನಗ್ತೀರಾ? ನಗಿ, ನಗಿ. ಮನೇಲೂ ಅಂಗೇನಾ? ಗ್ಯಾಸ್ ಆರಿಸಿ ಬಂದು ಮತ್ತೆ ಓಗಿ ನೋಡ್ತಾರಾ? ಅಯ್ಯೋ ಶಿವನೇ!

ನನಗೆ ಉರಿಯೋದು ಅದಕ್ಕಲ್ಲ. ನಾನು ಹಸಿರು ಎತ್ತಿದ ಮೇಲೂ ಇಳಿದು ನೋಡ್ತಾರೆ ಅಂದ್ರೆ ಏನರ್ಥ? ನನ್ನ ಮೇಲೆ ನಂಬಿಕೆ ಇಲ್ಲ ಅಂತ ತಾನೇ? ನಾನೇನು ಕುರುಡೀನಾ? ನನ್ನ ಕೈಗೆ ಎಷ್ಟು ರೂಢಿ ಆಗದೆ ಅಂದ್ರೆ, ಹಾರ್ನ್ ಕೇಳಿದ್ರೆ ತಾನಾಗೇ ಮೇಲಕ್ಕೆ ಏಳ್ತದೆ. ನಮ್ಮೆಜಮಾನ್ರು ಬಾಗಿಲಲ್ಲಿ ಆಟೋ ಹಾರ್ನ್ ಹೊಡೆದ್ರೆ ಸೌಟು ಹಿಡಿದ ಕೈ ಎತ್ತಿಬಿಡ್ತೀನಿ! "ನಂಗೂ ಹಸಿರಾ ಶಾಂತಿ?" ಅಂತ ರೇಗಿಸ್ತಾರೆ. ಸೋಮವಾರವೂ ಅಷ್ಟೇ ಕಣಕ್ಕ. ಹಾರ್ನ್ ಆಯ್ತು, ಎಲ್ಲಾ ನೋಡಿಯೇ ಹಸಿರು ಎತ್ತಿದೆ. ನಾಳೆ ಸಾಹೇಬರಿಗೂ ಇದನ್ನೇ ಹೇಳೋದು. ನನ್ನ ಕಡೆಯಿಂದ ತಪ್ಪಿಲ್ಲ.

ಏನು?

ಇನ್ನೂ ಕೈ ನೋಡ್ಕೋತಾವ್ರಾ? ಇವತ್ತೂವಾ? ಹೊತ್ತು ಮುಳುಗೋದ್ರೊಳಗೆ ಉಂಡು ಮುಗಿಸೋ ಮನೆ ನಿಮ್ಮದು, ತಟ್ಟೆ ಮುಂದೆ ಸುಮ್ಮನೆ ಕೂತ್ಕತಾರಾ... ಇನ್ನು ಮಷಿನ್ನೇ ಹತ್ತಲ್ಲ ಅಂದ್ರಾ? ಅಂಗಂದ್ರೆ ಎಂಗಕ್ಕ! ಕೆಲಸ ಓಯ್ತದಲ್ಲ! ಒಂದು ನಾಯಿಗೆ ಯಾರಾದ್ರೂ ಇಷ್ಟು... ಬೀದಿ ನಾಯಿ ಅದು. ಕಂದು ಬಣ್ಣದ್ದು, ಬಾಲ ಇಲ್ಲದ್ದು. ನೀವಾದ್ರೂ ಬುದ್ಧಿ ಹೇಳಬಾರದಾ?

ಕರೀದು ಅಂದಿದ್ನಾ? ಹೂಂ, ಕರೀದೇ. ನೆರಳಲ್ಲಿ ಎಲ್ಲಾ ಕರೀದೇ ಕಾಣ್ತದೆ. ನಾನು ದೂರದಲ್ಲಿದ್ದೆ.

ಪಾಪ, ಅದಾದ್ರೂ ಎಲ್ಲಿಗೆ ಓಗಬೇಕು ಹೇಳಿ? ಮಷಿನ್ ನಿಲ್ಲಿಸೋ ಜಾಗದಲ್ಲಿ ನೆರಳಿಗೆ ಒಂದು ಗಿಡ ಇಲ್ಲ. ನಿಂತ ಮಷಿನ್ ಹೊಟ್ಟೆ ಕೆಳಗೆ ಎಷ್ಟು ತಂಪು ಗೊತ್ತಾ! ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಓಯ್ತದೆ. ನಮ್ಮ ಗ್ಯಾಂಗಿನ ಸರಸಮ್ಮ ಹೇಳ್ತಿರ್ತಾಳೆ, ಅವಳ ಮಕ್ಕಳೆಲ್ಲಾ ನಿಂತ ಗಾಡಿ ಕೆಳಗಿನ ಜೋಲೀಲೇ ಬೆಳೆದವಂತೆ. ಅದು ಆಗಿನ ಕಾಲ ಬಿಡಿ. ಈಗ ಹಳಿ ಹತ್ರ ಮಗು ಕಂಡ್ರೆ ಕೆಲಸಕ್ಕೇ ಕುತ್ತು. ಅಷ್ಟಕ್ಕೂ ಆವತ್ತು ಮಷಿನ್ ತೆಗೆಯಲ್ಲ ಅಂತ ಬೆಳಿಗ್ಗೇನೇ ಹೇಳಿದ್ರು. ಲೈನ್ ಸಿಗಲ್ಲ, ಮಷಿನ್ ಕದಲಲ್ಲ ಅಂತ! ನಾನು ಗೇಟಿನಾಚೆ ಕಳೆ ಕೀಳ್ತಿದ್ದೆ. ಇದ್ದಕ್ಕಿದ್ದಂಗೆ ಫೋನು, "ಲೈನ್ ಸಿಕ್ತು, ಬಾವುಟ ಹಿಡಿ" ಅಂತ. ಉಸಿರು ಬಿಡೋದ್ರೊಳಗೆ ಹಾರ್ನು... ಇದೆಲ್ಲಾ ನಾಯಿಗೆ ಎಂಗೆ ಗೊತ್ತಾಗ್ಬೇಕು?

ಆವತ್ತು ನಿಧೀನಾ? ನಿಧೀನ ನಮ್ಮತ್ತೆ ನೋಡ್ಕೋತಿದ್ರು. ಇನ್ಯಾರು ನೋಡ್ಕೋತಾರೆ, ಅವರೇ...

ಯಾಕಕ್ಕ, ತೂಗೋದು ನಿಲ್ಲಿಸಿದ್ರಿ?

ಜೋಲಿ ಯಾಕೆ ಅಂಗೆ ತಿರುಗಿಸಿ ನೋಡ್ತೀರಾ? ಓ, ಅದಾ... ಅದು ಆಟೋ ಗ್ರೀಸು. ನಮ್ಮೆಜಮಾನ್ರು ಕೈ ಒರೆಸಿದ್ದು. ಎಷ್ಟು ಉಜ್ಜಿದ್ರೂ ಓಗಲಿಲ್ಲ. ಹಳೇ ಸೀರೆ... ಮೂಸಬೇಡಿ ಅಕ್ಕ. ಎಲ್ಲಾ ಗ್ರೀಸೂ ಒಂದೇ ವಾಸನೆ. ನಿಮ್ಮೆಜಮಾನ್ರ ಬಟ್ಟೇಲೂ ಅದೇ ವಾಸನೆ ಬರಬೌದು, ಅಷ್ಟಕ್ಕೇ...

ಏನಾದ್ರೂ ಮಾತಾಡಿ. ಇಷ್ಟೊತ್ತು ಹೆಜ್ಜೆ ಹೆಜ್ಜೆಗೂ ಬಾಯಿ ಹಾಕ್ತಿದ್ರಲ್ಲ, ಈಗ ಹಾಕಿ! ಬೈಯಿರಿ ಬೇಕಾದ್ರೆ. ಅವರೂ ಬೈಲಿಲ್ಲ. ಜೋಲಿ ಗಂಟು ಬಿಚ್ಚಿ, ಎತ್ತಿಕೊಂಡು ಅಷ್ಟು ದೂರ ನಡೆದು ಬಂದು ನನ್ನ ಕೈಗೆ ಕೊಟ್ರು. ವಾಪಸ್ ಓಗಿ ಕೂತ್ಕಂಡ್ರು. ಆಮೇಲೆ ಕೇಳಿದೋರಿಗೆಲ್ಲಾ ನಾಯಿ ಅಂದ್ರು.

ಅಳಬೇಡಿ ಅಕ್ಕ. ಮಗು ಎದ್ದುಬಿಡ್ತದೆ.

ನಾನು ಬೇಕು ಅಂತ ಮಾಡಿದ್ನಾ? ಎಲ್ಲಾ ನೋಡಿಯೇ ಹಸಿರು ಎತ್ತಿದೆ ಅಂತ ಆಗಲೇ ಹೇಳಿದ್ನಲ್ಲ...

ಯಾಕಂಗೆ ನನ್ನ ಕೈ ನೋಡ್ತೀರಾ?

ಏನು ನೋಡಿ ಎತ್ತಿದೆ ಅಂತಾನಾ?